ಬಾಡಿಗೆ ಮನೆ ಕಾರ್ಪೆಟ್‌ನಲ್ಲಿ ಬೆಕ್ಕಿನ ಉಚ್ಚೆ ವಾಸನೆ: ಹೋಗಿಸಿದವರು ಹೇಳಿ

ಕೇಳಿದವರು, ಸನಿವೇಲ್, ಕ್ಯಾಲಿಫೋರ್ನಿಯಾ:

ಎಲ್ಲರಿಗೂ ನಮಸ್ಕಾರ. ಮುಂದಿನ ತಿಂಗಳ ಕೊನೆಗೆ ಅಪಾರ್ಟ್‌ಮೆಂಟ್ ಖಾಲಿ ಮಾಡುತ್ತಿದ್ದೇವೆ. ಮಲಗುವ ಕೋಣೆಯಲ್ಲಿ ಗೋಡೆಯಿಂದ ಗೋಡೆಗೆ ಕಾರ್ಪೆಟ್ ಇದೆ. ನಮ್ಮ ಬೆಕ್ಕು ಕಿಟಕಿ ಪಕ್ಕದ ಮೂಲೆಯಲ್ಲಿ ಆಗಾಗ ಉಚ್ಚೆ ಹೊಯ್ದಿದೆ. ಅಡಿಗೆ ಸೋಡಾ ಹಾಕಿದೆ, ವಿನೆಗರ್ ಹಾಕಿದೆ, ಅಂಗಡಿಯಿಂದ ಕಾರ್ಪೆಟ್ ಮಷೀನ್ ಬಾಡಿಗೆಗೆ ತಂದು ತೊಳೆದದ್ದೂ ಆಯಿತು. ಸ್ವಲ್ಪ ದಿನ ಚೆನ್ನಾಗಿರುತ್ತದೆ, ಮಳೆ ಬಂತು ಅಂದರೆ ಮತ್ತೆ ಅದೇ ಘಾಟು. ಕಾರ್ಪೆಟ್ ನಾವು ಬರುವಾಗಲೇ ಹಳೆಯದಾಗಿತ್ತು. ಡಿಪಾಸಿಟ್ ಪೂರ್ತಿ ಹಿಡಿದುಕೊಳ್ಳುತ್ತಾರಾ ಅಂತ ಭಯ. ಅನುಭವ ಇದ್ದವರು ದಯವಿಟ್ಟು ಹೇಳಿ.

ಫ್ರೀಮಾಂಟ್‌ನಿಂದ:

ಮಳೆ ಬಂದಾಗ ವಾಸನೆ ಏಳುತ್ತದೆ ಅಂದಿರಲ್ಲ, ಉತ್ತರ ಅಲ್ಲೇ ಇದೆ. ಉಚ್ಚೆಯಲ್ಲಿರುವ ಯೂರಿಯಾವನ್ನು ಬ್ಯಾಕ್ಟೀರಿಯಾಗಳು ಒಡೆದಾಗ ಅಮೋನಿಯಾ ಆಗುತ್ತದೆ. ಮೂಗಿಗೆ ಮೊದಲು ಹೊಡೆಯುವ ಘಾಟು ಅದು. ಅದನ್ನು ನೀರು, ವಿನೆಗರ್ ಸುಮಾರಾಗಿ ಕಳೆಯುತ್ತವೆ. ಉಳಿಯುವುದು ಯೂರಿಕ್ ಆಸಿಡ್. ಅದು ಒಣಗಿ ಹರಳಾಗಿ ಎಳೆಗಳಿಗೆ ಕಚ್ಚಿಕೊಳ್ಳುತ್ತದೆ, ಬರೀ ನೀರಿಗೆ ಕರಗುವುದಿಲ್ಲ. ಗಾಳಿಯಲ್ಲಿ ತೇವ ಏರಿದಾಗ ಮತ್ತೆ ನಾರುತ್ತದೆ. ಜೊತೆಗೆ ಬೆಕ್ಕಿನ ಉಚ್ಚೆಯಲ್ಲಿ ಫೆಲಿನೈನ್ ಅಂತ ಒಂದಿದೆ. ಅದು ಒಡೆದರೆ ಗಂಧಕ ಬೆರೆತ ವಾಸನೆ ಬರುತ್ತದೆ. ಸಂತಾನಹರಣ ಆಪರೇಷನ್ ಮಾಡಿಸದ ಗಂಡು ಬೆಕ್ಕಿನಲ್ಲಿ ಇದು ಜಾಸ್ತಿ. ನಾಯಿ ಸಾಕಿದವರ ಉಪಾಯ ಬೆಕ್ಕಿನವರಿಗೆ ಪೂರ್ತಿ ಸಾಲದು ಅನ್ನುವುದು ಇದಕ್ಕೇ.

ಇನ್ನೊಂದು ವಿಷಯ. ವಾಸನೆ ಕಾರ್ಪೆಟ್‌ನಲ್ಲಿ ಇದೆ ಅಂದುಕೊಂಡು ನಾವು ಮೇಲೆ ತಿಕ್ಕುತ್ತೇವೆ. ನಿಜವಾಗಿ ಅದು ಇರುವುದು ಕೆಳಗೆ. ಕಾರ್ಪೆಟ್‌ನ ಎಳೆ, ಅದರ ಬೆನ್ನಿನ ಬಟ್ಟೆ, ಅದರ ಕೆಳಗೆ ಸ್ಪಂಜಿನಂಥ ಪ್ಯಾಡ್, ಅದರ ಕೆಳಗೆ ಪ್ಲೈವುಡ್ ಇಲ್ಲವೇ ಕಾಂಕ್ರೀಟ್. ಮೇಲೆ ಅಂಗೈಯಷ್ಟು ಕಲೆ ಕಂಡರೆ ಪ್ಯಾಡ್‌ನಲ್ಲಿ ಅದು ಊಟದ ತಟ್ಟೆಯಷ್ಟು ಹರಡಿರಬಹುದು. ಸ್ಪ್ರೇ ಬಾಟಲಿಯಲ್ಲಿ ಎರಡು ಸಲ ಚುಂಯ್ ಅನ್ನಿಸಿದರೆ ಅಲ್ಲಿಗೆ ಏನೂ ತಲುಪುವುದಿಲ್ಲ.

ಮೊದಲು ಜಾಗ ಹುಡುಕಿ. ಒಂದು ಯುವಿ (ಅತಿನೇರಳೆ ಬೆಳಕಿನ) ಟಾರ್ಚ್ ತಗೊಳ್ಳಿ, ಜಾಸ್ತಿ ಬೆಲೆ ಇಲ್ಲ. ರಾತ್ರಿ ದೀಪ ಆರಿಸಿ, ಪರದೆ ಎಳೆದು ನೆಲದ ಹತ್ತಿರ ಹಿಡಿದು ನೋಡಿ. ಒಣಗಿದ ಉಚ್ಚೆ ಮಂಕು ಹಳದಿ ಹಸಿರಾಗಿ ಹೊಳೆಯುತ್ತದೆ. ಸೋಪು, ಡಿಟರ್ಜೆಂಟ್ ಕೂಡ ಹೊಳೆಯುತ್ತವೆ, ಹಾಗಾಗಿ ಬಗ್ಗಿ ಮೂಸಿಯೇ ಖಾತ್ರಿ ಮಾಡಿಕೊಳ್ಳಬೇಕು. ಮರ್ಯಾದೆಯ ಕೆಲಸ ಅಲ್ಲ, ಆದರೆ ಬೇರೆ ದಾರಿ ಇಲ್ಲ. ಸಿಕ್ಕ ಜಾಗದ ಸುತ್ತ ಪೇಂಟರ್ಸ್ ಟೇಪ್ ಅಂಟಿಸಿ ಗುರುತು ಮಾಡಿ. ಗೋಡೆಯ ಬುಡದ ಮರದ ಪಟ್ಟಿಯನ್ನೂ ನೋಡಿ. ಗಂಡು ಬೆಕ್ಕು ನಿಂತುಕೊಂಡು ಗೋಡೆಗೆ ಸಿಡಿಸುತ್ತದೆ. ಕಾರ್ಪೆಟ್ ಎಷ್ಟು ತೊಳೆದರೂ ವಾಸನೆ ಹೋಗಲಿಲ್ಲ ಅನ್ನುವವರ ಮನೆಯಲ್ಲಿ ಆ ಪಟ್ಟಿಯನ್ನು ಯಾರೂ ಒರೆಸಿರುವುದಿಲ್ಲ.

ಆಮೇಲೆ ಎನ್‌ಜೈಮ್ ಕ್ಲೀನರ್, ಅಂದರೆ ಉಚ್ಚೆಯಲ್ಲಿರುವುದನ್ನು ಒಡೆದು ಹಾಕುವ ದ್ರವ. ಪೆಟ್ ಅಂಗಡಿಯಲ್ಲಿ ನೇಚರ್ಸ್ ಮಿರಕಲ್, ರೊಕೊ ಅಂಡ್ ರಾಕ್ಸಿ ಹೀಗೆ ಹಲವು ಸಿಗುತ್ತವೆ. ಬೆಕ್ಕಿನ ಉಚ್ಚೆಗೆ ಅಂತಲೇ ಬರೆದಿರುವುದನ್ನು ತಗೊಳ್ಳಿ. ನೀವು ಈಗಾಗಲೇ ವಿನೆಗರ್, ಸೋಪು ಎಲ್ಲ ಹಾಕಿರುವುದರಿಂದ ಮೊದಲು ಆ ಜಾಗಕ್ಕೆ ತಣ್ಣೀರು ಹಾಕಿ ವೆಟ್ ವ್ಯಾಕ್ಯೂಮ್‌ನಲ್ಲಿ ಎಳೆದುಬಿಡಿ. ಹಳೆಯ ಕ್ಲೀನರ್ ಉಳಿದಿದ್ದರೆ ಎನ್‌ಜೈಮ್ ಸರಿಯಾಗಿ ಕೆಲಸ ಮಾಡುವುದಿಲ್ಲ. ನಂತರ ಎನ್‌ಜೈಮ್ ದ್ರವವನ್ನು ಸುರಿಯಿರಿ. ಟೇಪ್ ಗುರುತಿಗಿಂತ ಒಂದು ಗೇಣು ಆಚೆಯವರೆಗೂ, ಪ್ಯಾಡ್ ನೆನೆಯುವಷ್ಟು. ಕೈಯಲ್ಲಿ ಒತ್ತಿದರೆ ಪಚಪಚ ಅನ್ನಬೇಕು. ಅದರ ಮೇಲೆ ಪ್ಲಾಸ್ಟಿಕ್ ಹಾಳೆ ಮುಚ್ಚಿ ಬಾಟಲಿಯ ಮೇಲೆ ಹೇಳಿದಷ್ಟು ಹೊತ್ತು ಬಿಡಿ. ಹಳೆಯ ಕಲೆಗೆ ಇಡೀ ರಾತ್ರಿ ಬಿಟ್ಟರೂ ಜಾಸ್ತಿಯಲ್ಲ. ಎನ್‌ಜೈಮ್ ಒದ್ದೆಯಿದ್ದಾಗ ಮಾತ್ರ ಕೆಲಸ ಮಾಡುತ್ತದೆ, ಒಣಗಿದರೆ ಅಲ್ಲಿಗೆ ಮುಗಿಯಿತು. ಆಮೇಲೆ ಹಾಳೆ ತೆಗೆದು ಫ್ಯಾನ್ ಹಾಕಿ ಒಣಗಲು ಬಿಡಿ. ಪ್ಯಾಡ್ ಒಣಗಲು ಹಲವು ದಿನ ಬೇಕು. ಆ ನಡುವೆ ವಾಸನೆ ಮೊದಲಿಗಿಂತ ಜೋರಾಗಬಹುದು, ಗಾಬರಿ ಆಗಬೇಡಿ. ಪೂರ್ತಿ ಒಣಗಿದ ಮೇಲೂ ಇದ್ದರೆ ಇನ್ನೊಮ್ಮೆ. ಕೊನೆಯ ವಾರಕ್ಕೆ ಬಿಡಬೇಡಿ, ಇವತ್ತೇ ಶುರು ಮಾಡಿ.

ಬಿಸಿ ಹಬೆಯ ಮಷೀನ್ ಇನ್ನು ಬೇಡ. ಬಿಸಿಗೆ ಕಲೆಯೂ ವಾಸನೆಯೂ ಎಳೆಗೆ ಇನ್ನಷ್ಟು ಅಂಟಿಕೊಳ್ಳುತ್ತವೆ.

ಆಸ್ಟಿನ್‌ನಿಂದ:

ಮೇಲಿನವರು ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಔಷಧಿ ಅಂಗಡಿಯಲ್ಲಿ ಸಿಗುವ 3 ಶೇಕಡಾ ಹೈಡ್ರೋಜನ್ ಪೆರಾಕ್ಸೈಡ್. ಕಲೆಯ ಮೇಲೆ ಅಡಿಗೆ ಸೋಡಾ ಉದುರಿಸಿ, ಪೆರಾಕ್ಸೈಡ್‌ಗೆ ಒಂದು ಹನಿ ಪಾತ್ರೆ ತೊಳೆಯುವ ಸೋಪು ಸೇರಿಸಿ ಹಾಕಿದರೆ ನೊರೆ ಬರುತ್ತದೆ. ಒಣಗಿದ ಮೇಲೆ ವ್ಯಾಕ್ಯೂಮ್. ನಮ್ಮ ನಾಯಿಯ ಹಳದಿ ಕಲೆಗೆ ಇದು ಚೆನ್ನಾಗಿ ಕೆಲಸ ಮಾಡಿತು. ಆದರೆ ಪೆರಾಕ್ಸೈಡ್ ಬಣ್ಣವನ್ನೂ ತೆಗೆಯಬಲ್ಲದು. ಕ್ಲಾಸೆಟ್ ಒಳಗಿನ ಮೂಲೆಯಲ್ಲಿ ಮೊದಲು ಪರೀಕ್ಷೆ ಮಾಡಿ ನೋಡಿ. ಕಾರ್ಪೆಟ್ ಉಣ್ಣೆಯದಾದರೆ ಮುಟ್ಟಲೇಬೇಡಿ. ಬೆರೆಸಿದ್ದನ್ನು ಮುಚ್ಚಳ ಬಿಗಿದು ಇಡಬೇಡಿ, ಗ್ಯಾಸ್ ತುಂಬಿ ಬಾಟಲಿ ಸಿಡಿಯುತ್ತದೆ. ವಿನೆಗರ್ ಜೊತೆಗೂ ಬೆರೆಸಬೇಡಿ. ಎನ್‌ಜೈಮ್ ಹಾಕಿದ ದಿನ ಇದನ್ನು ಹಾಕಿದರೆ ಎನ್‌ಜೈಮ್ ಸಾಯುತ್ತದೆ, ಎರಡರಲ್ಲಿ ಒಂದು.

ಬ್ಲೀಚ್ ಮಾತ್ರ ಯಾವ ಕಾರಣಕ್ಕೂ ಬೇಡ. ಉಚ್ಚೆಯ ಅಮೋನಿಯಾ ಮತ್ತು ಬ್ಲೀಚ್ ಸೇರಿದರೆ ವಿಷದ ಗಾಳಿ. ಅಮೋನಿಯಾ ಇರುವ ಕ್ಲೀನರ್‌ಗಳೂ ಬೇಡ. ಅದರ ವಾಸನೆ ಉಚ್ಚೆಯದೇ ಅನ್ನಿಸಿ ಬೆಕ್ಕು ಮತ್ತೆ ಅಲ್ಲೇ ಹೋಗುತ್ತದೆ.

ನ್ಯೂ ಜೆರ್ಸಿಯಿಂದ, ಮಗಳ ಮನೆಗೆ ಬಂದಿರುವ ಮೈಸೂರಿನವರು:

ನೋಡಮ್ಮಾ, ನಮ್ಮ ಮನೆಯಲ್ಲಿ ಯಾವಾಗಲೂ ಬೆಕ್ಕುಗಳಿದ್ದವು. ರೆಡ್ ಆಕ್ಸೈಡ್ ನೆಲ, ಒಂದು ಬಕೆಟ್ ನೀರು ಹೊಡೆದರೆ ಆಯಿತು. ಈ ಕಾರ್ಪೆಟ್ ಸಹವಾಸ ಇಲ್ಲಿ ಬಂದ ಮೇಲೆ ನೋಡಿದ್ದು. ಸಂಜೆ ಸಾಂಬ್ರಾಣಿ ಹಾಕಿ, ಮೂಲೆಯಲ್ಲಿ ಎರಡು ಕರ್ಪೂರ ಇಡಿ, ಕೋಣೆ ಚೆನ್ನಾಗಿರುತ್ತದೆ. ಹಸಿ ಇದ್ದಾಗಲೇ ಹಳೆ ಕಾಟನ್ ಸೀರೆ ಮಡಚಿ ಅದರ ಮೇಲೆ ನಿಂತುಬಿಡಬೇಕು. ಉಜ್ಜಬಾರದು, ಹೀರಿಸಬೇಕು. ಮತ್ತೆ ಒಂದು ಮಾತು, ನಿಮ್ಮ ಮನೆ ವಾಸನೆ ನಿಮ್ಮ ಮೂಗಿಗೆ ಗೊತ್ತಾಗುವುದಿಲ್ಲ. ಬೆಕ್ಕಿಲ್ಲದ ಮನೆಯವರನ್ನು ಕಾಫಿಗೆ ಕರೆದು ಕೇಳಿ.

ಫ್ರೀಮಾಂಟ್‌ನಿಂದ:

ಅಮ್ಮಾ, ಸೀರೆ ಮಡಚಿ ನಿಲ್ಲುವುದಕ್ಕೆ ನನ್ನ ಓಟು. ಕಾಫಿ ಉಪಾಯಕ್ಕೂ. ಸಾಂಬ್ರಾಣಿ ವಿಷಯದಲ್ಲಿ ತಪ್ಪು ತಿಳಿಯಬೇಡಿ, ಇಲ್ಲಿ ಸ್ಮೋಕ್ ಅಲಾರಂ ಕೂಗಿ ಇಡೀ ಬಿಲ್ಡಿಂಗ್ ಹೊರಗೆ ಬರುತ್ತದೆ. ಕರ್ಪೂರ, ನುಸಿಗುಳಿಗೆ ಎರಡೂ ಬೆಕ್ಕಿಗೆ ವಿಷ. ಟೀ ಟ್ರೀ ಎಣ್ಣೆಯೂ ಹಾಗೇ. ಸುಗಂಧ ಹಾಕಿ ಮುಚ್ಚಿದರೆ ಲೀಸಿಂಗ್ ಆಫೀಸ್‌ನವರಿಗೆ ಇನ್ನೂ ಬೇಗ ಅನುಮಾನ ಬರುತ್ತದೆ. ಬಾಗಿಲು ತೆಗೆದ ಕೂಡಲೇ ಮಲ್ಲಿಗೆ ಘಮ ಬಂದರೆ ಯಾರಾದರೂ ಯಾಕೆ ಅಂತ ಕೇಳುತ್ತಾರೆ, ಅಲ್ವಾ?

ಸ್ಯಾನ್ ಹೋಸೆಯಿಂದ:

ನಾನು ಇನ್ನೊಂದು ಕಡೆಯವನು. ನಮ್ಮದೊಂದು ಟೌನ್‌ಹೌಸ್ ಬಾಡಿಗೆಗೆ ಕೊಟ್ಟಿದ್ದೇವೆ. ಡಿಪಾಸಿಟ್ ಬಗ್ಗೆ ಕೇಳಿದಿರಿ, ಅದಕ್ಕೆ ಉತ್ತರ ಹೇಳುತ್ತೇನೆ.

ಕ್ಯಾಲಿಫೋರ್ನಿಯಾದಲ್ಲಿ ಮಾಮೂಲಿ ಬಳಕೆಯ ಸವೆತಕ್ಕೆ ದುಡ್ಡು ಹಿಡಿಯುವಂತಿಲ್ಲ. ಆದರೆ ಸಾಕುಪ್ರಾಣಿಯ ಉಚ್ಚೆ ಸವೆತದ ಲೆಕ್ಕಕ್ಕೆ ಬರುವುದಿಲ್ಲ, ಅದು ಹಾನಿ. ಹಾಗಂತ ಹಳೆ ಕಾರ್ಪೆಟ್‌ಗೆ ಹೊಸದರ ಪೂರ್ತಿ ಬೆಲೆ ಕೇಳುವುದೂ ಸರಿಯಲ್ಲ. ಹತ್ತು ವರ್ಷ ಬಾಳುವ ಕಾರ್ಪೆಟ್‌ಗೆ ಆಗಲೇ ಎಂಟು ವರ್ಷ ಆಗಿದ್ದು, ಅಂಥದ್ದೇ ಹೊಸದಕ್ಕೆ 1000 ಡಾಲರ್ ಅಂದುಕೊಳ್ಳಿ. ಉಳಿದ ಎರಡು ವರ್ಷದ ಲೆಕ್ಕ, ಅಂದರೆ 200 ಡಾಲರ್ ಮಾತ್ರ ನಿಮ್ಮ ಮೇಲೆ ಬರಬೇಕು. ಹಾಗಾಗಿ ಕಾರ್ಪೆಟ್ ಯಾವ ವರ್ಷ ಹಾಕಿದ್ದು ಅಂತ ಈಗಲೇ ಇಮೇಲ್‌ನಲ್ಲಿ ಕೇಳಿ. ಫೋನ್‌ನಲ್ಲಿ ಬೇಡ, ಬರಹದಲ್ಲಿ ಇರಲಿ. ನಿಮ್ಮಲ್ಲಿ ಮನೆಗೆ ಬಂದಾಗಿನ ಫೋಟೋ ಇದ್ದರೆ ಹುಡುಕಿಡಿ.

ಖಾಲಿ ಮಾಡುವ ಮೊದಲಿನ ಎರಡು ವಾರದಲ್ಲಿ ಒಮ್ಮೆ ಬಂದು ನೋಡಿ ಹೇಳಿ ಅಂತ ಕೇಳುವ ಹಕ್ಕು ನಿಮಗೆ ಇದೆ. ಏನೇನು ಸರಿ ಮಾಡಬೇಕು ಅಂತ ಮನೆ ಮಾಲೀಕರು ಪಟ್ಟಿ ಕೊಡಬೇಕು, ಅದನ್ನು ನೀವೇ ಸರಿ ಮಾಡಿಸಬಹುದು. ಬಹಳ ಜನ ಇದನ್ನು ಕೇಳುವುದೇ ಇಲ್ಲ. ಖಾಲಿ ಮಾಡಿದ 21 ದಿನದೊಳಗೆ ಡಿಪಾಸಿಟ್ ವಾಪಸ್ ಬರಬೇಕು, ಹಿಡಿದುಕೊಂಡರೆ ಯಾವುದಕ್ಕೆ ಎಷ್ಟು ಅಂತ ವಿವರ ಬರಬೇಕು. ಕಡಿತ 125 ಡಾಲರ್ ದಾಟಿದರೆ ರಸೀದಿ ಅಥವಾ ಬಿಲ್ ಪ್ರತಿ ಕೂಡ. ವಾಪಸ್ ಕೊಡದ ಪೆಟ್ ಡಿಪಾಸಿಟ್ ಅಂತ ಲೀಸ್‌ನಲ್ಲಿ ಬರೆದಿದ್ದರೂ ಇಲ್ಲಿ ಅದು ನಿಲ್ಲುವುದಿಲ್ಲ. ತಿಂಗಳು ತಿಂಗಳು ಕಟ್ಟುವ ಪೆಟ್ ರೆಂಟ್ ಬೇರೆ, ಅದು ಹೋದದ್ದೇ.

ರೆಡಿಂಗ್, ಇಂಗ್ಲೆಂಡ್‌ನಿಂದ:

ಇಲ್ಲಿಯವರು ಓದುತ್ತಿದ್ದರೆ ಅಂತ ಬರೆಯುತ್ತಿದ್ದೇನೆ. ಟೆನೆಂಟ್ ಫೀಸ್ ಆಕ್ಟ್ 2019 ಬಂದ ಮೇಲೆ ಇಂಗ್ಲೆಂಡ್‌ನಲ್ಲಿ ಕ್ಲೀನಿಂಗ್ ಕಂಪನಿಗೇ ದುಡ್ಡು ಕೊಟ್ಟು ಮಾಡಿಸಿ ಅಂತ ಬಾಡಿಗೆದಾರರನ್ನು ಒತ್ತಾಯಿಸುವಂತಿಲ್ಲ. ಬಂದಾಗ ಎಷ್ಟು ಚೊಕ್ಕ ಇತ್ತೋ ಅಷ್ಟು ಚೊಕ್ಕ ಮಾಡಿ ಕೊಟ್ಟರೆ ಸಾಕು, ಯಾರು ಮಾಡಿದರೂ ಆಯಿತು. ತಕರಾರು ಬಂದರೆ ಡಿಪಾಸಿಟ್ ಇಟ್ಟಿರುವ ಸ್ಕೀಮ್‌ನವರ ಹತ್ತಿರ ಹೋಗಬಹುದು, ಅದಕ್ಕೆ ಶುಲ್ಕ ಇಲ್ಲ. ಮನೆಗೆ ಬಂದಾಗ ಅದರ ಸ್ಥಿತಿ ಬರೆದಿಟ್ಟ ಪಟ್ಟಿ, ಅಂದರೆ ಇನ್ವೆಂಟರಿಯೇ ಅಲ್ಲಿ ನಿಮ್ಮ ಸಾಕ್ಷಿ.

ಸಿಯಾಟಲ್‌ನಿಂದ:

ಎಲ್ಲರೂ ಕಾರ್ಪೆಟ್ ಬಗ್ಗೆ ಹೇಳಿದರು, ಬೆಕ್ಕನ್ನು ಯಾರೂ ಕೇಳಲಿಲ್ಲ. ಲಿಟರ್ ಬಾಕ್ಸ್ (ಬೆಕ್ಕು ಉಚ್ಚೆ ಹೊಯ್ಯಲು ಇಡುವ ಮಣ್ಣಿನ ಡಬ್ಬ) ಬಿಟ್ಟು ಒಂದೇ ಮೂಲೆಯಲ್ಲಿ ಹೊಯ್ಯುತ್ತಿದೆ ಅಂದರೆ ಮೂತ್ರಕೋಶದ ತೊಂದರೆ ಇರಬಹುದು. ಒಮ್ಮೆ ಪಶುವೈದ್ಯರಿಗೆ ತೋರಿಸಿ. ಗಂಡು ಬೆಕ್ಕು ಪದೇ ಪದೇ ಕೂತು ಹನಿಯೂ ಬಾರದಿದ್ದರೆ ಕಾಯಬೇಡಿ, ಅದು ಜೀವಕ್ಕೆ ಅಪಾಯ, ತಕ್ಷಣ ಎಮರ್ಜೆನ್ಸಿಗೆ ಹೋಗಿ. ಆರೋಗ್ಯ ಸರಿ ಇದ್ದರೆ ಬಾಕ್ಸ್ ನೋಡಿ. ಬೆಕ್ಕಿನ ಸಂಖ್ಯೆಗಿಂತ ಒಂದು ಬಾಕ್ಸ್ ಜಾಸ್ತಿ ಇರಬೇಕು ಅನ್ನುತ್ತಾರೆ. ಕಾರಣ ಸರಿಯಾಗದೆ ಮೂಲೆ ತೊಳೆಯುತ್ತಾ ಕೂತರೆ ಹೊಸ ಮನೆಯಲ್ಲೂ ಇದೇ ಪಾಡು.

ಕೇಳಿದವರು, ಸನಿವೇಲ್:

ತುಂಬಾ ಥ್ಯಾಂಕ್ಸ್. ನಿನ್ನೆ ಯುವಿ ಟಾರ್ಚ್ ಹಾಕಿ ನೋಡಿದೆವು, ಮೂಲೆಯಲ್ಲಿ ಮಾತ್ರ ಅಲ್ಲ, ಮಂಚದ ಕೆಳಗೂ ಇದೆ! ಎನ್‌ಜೈಮ್ ತಂದಿದ್ದೇವೆ, ಬೆಕ್ಕಿಗೆ ಡಾಕ್ಟರ್ ಅಪಾಯಿಂಟ್‌ಮೆಂಟ್ ಕೂಡ ಆಯಿತು. ಒಂದು ಪ್ರಶ್ನೆ. ನಮ್ಮದು ಗ್ರೌಂಡ್ ಫ್ಲೋರ್, ಕೆಳಗೆ ಕಾಂಕ್ರೀಟ್ ಇರಬೇಕು. ಅಲ್ಲಿಗೂ ಇಳಿದಿದ್ದರೆ? ಗಂಡ ಮೂಲೆಯಲ್ಲಿ ಕಾರ್ಪೆಟ್ ಎತ್ತಿ ಪ್ಯಾಡ್ ಕತ್ತರಿಸಿಬಿಡೋಣ ಅನ್ನುತ್ತಿದ್ದಾರೆ. ಓಜೋನ್ ಮಷೀನ್ ಬಾಡಿಗೆಗೆ ಸಿಗುತ್ತದಂತೆ, ಅದನ್ನು ತರಬಹುದಾ?

ಸ್ಯಾನ್ ಹೋಸೆಯಿಂದ:

ಓಜೋನ್ ಬೇಡ. ಅದು ಶ್ವಾಸಕೋಶಕ್ಕೆ ಕೆಟ್ಟದ್ದು, ಮಷೀನ್ ನಡೆಯುವಾಗ ಮನುಷ್ಯರು, ಬೆಕ್ಕು, ಗಿಡ ಯಾವುದೂ ಒಳಗೆ ಇರುವಂತಿಲ್ಲ. ಅಪಾರ್ಟ್‌ಮೆಂಟ್‌ನಲ್ಲಿ ಪಕ್ಕದ ಮನೆಗೂ ನುಸುಳಬಹುದು. ಇಷ್ಟೆಲ್ಲಾ ಮಾಡಿದರೂ ಪ್ಯಾಡ್ ಒಳಗಿನ ಹರಳು ಅಲ್ಲೇ ಇರುತ್ತದೆ.

ಕಾಂಕ್ರೀಟ್ ಗಟ್ಟಿ ಕಂಡರೂ ಸಣ್ಣ ರಂಧ್ರಗಳಿಂದ ತುಂಬಿದೆ, ಉಚ್ಚೆ ಹೀರುತ್ತದೆ. ಎನ್‌ಜೈಮ್‌ಗೂ ಬಗ್ಗದಿದ್ದರೆ ಸರಿಯಾದ ದಾರಿ ಒಂದೇ. ಕಾರ್ಪೆಟ್ ಅಂಚನ್ನು ಅದನ್ನು ಹಿಡಿದಿಡುವ ಮೊಳೆ ಪಟ್ಟಿಯಿಂದ ಬಿಡಿಸಿ ಮಡಚಬೇಕು. ನಾರುವ ಪ್ಯಾಡ್ ಕತ್ತರಿಸಿ ತೆಗೆದು, ತುಕ್ಕು ಹಿಡಿದ ಮೊಳೆ ಪಟ್ಟಿ ಬದಲಾಯಿಸಬೇಕು. ನೆಲಕ್ಕೆ ಎನ್‌ಜೈಮ್ ಹಾಕಿ, ಪೂರ್ತಿ ಒಣಗಿದ ಮೇಲೆ ಶೆಲ್ಯಾಕ್ ಪ್ರೈಮರ್ (ಅರಗಿನಿಂದ ಮಾಡಿದ ಲೇಪ) ಬಳಿದು ವಾಸನೆ ಮೇಲೆ ಬಾರದಂತೆ ಮುಚ್ಚಬೇಕು. ಆಮೇಲೆ ಅಷ್ಟೇ ದಪ್ಪದ ಹೊಸ ಪ್ಯಾಡ್ ತುಂಡು ಕೂರಿಸಿ ಕಾರ್ಪೆಟ್ ಎಳೆದು ಬಿಗಿಯಬೇಕು. ಇದು ಇಡೀ ಕಾರ್ಪೆಟ್ ಬದಲಿಸುವುದಕ್ಕಿಂತ ಎಷ್ಟೋ ಅಗ್ಗ. ಆದರೆ ಕಾರ್ಪೆಟ್ ನಿಮ್ಮದಲ್ಲ, ಆಫೀಸ್‌ನವರ ಒಪ್ಪಿಗೆ ಬರಹದಲ್ಲಿ ಇಲ್ಲದೆ ನಿಮ್ಮ ಯಜಮಾನರು ಚಾಕು ಹಿಡಿಯುವುದು ಬೇಡ. ಸರಿಯಾಗಿ ಬಿಗಿಯದೆ ಸುಕ್ಕಾದರೆ ಅದಕ್ಕೆ ಬೇರೆ ಬಿಲ್ ಬರುತ್ತದೆ. ಮೊದಲು ಎನ್‌ಜೈಮ್ ಎರಡು ಸುತ್ತು ಹಾಕಿ ಒಣಗಿಸಿ. ಇನ್ನೂ ಇದ್ದರೆ ಇನ್‌ಸ್ಪೆಕ್ಷನ್‌ಗೆ ಕರೆದಾಗ ನೀವೇ ಆ ಜಾಗ ತೋರಿಸಿ, ಪ್ಯಾಡ್ ಅಷ್ಟೇ ಬದಲಿಸಲು ಎಷ್ಟಾಗುತ್ತದೆ ಅಂತ ಕೇಳಿ. ನನ್ನ ಬಾಡಿಗೆದಾರರು ಹಾಗೆ ಮೊದಲೇ ಹೇಳಿದರೆ ಇಡೀ ಕೋಣೆಯ ಕಾರ್ಪೆಟ್ ಲೆಕ್ಕಕ್ಕೆ ನಾನು ಹೋಗುವುದಿಲ್ಲ.