ಗೂಡ್ಸ್ ಶೆಡ್ ಕಿಟ್: ಗೋಡೆ ಬಾಗಿದೆ, ಛಾವಣಿ ಕೂರುತ್ತಿಲ್ಲ

ಹಳಿತಪ್ಪಿದವ: ಮಾದರಿ ರೈಲಿನ ಗೂಡ್ಸ್ ಶೆಡ್ ಜೋಡಿಸಲು ಹೋಗಿ ಮೂರು ಸಂಜೆ ಹಾಳಾಯಿತು. ಲೇಸರ್‌ನಿಂದ ಕತ್ತರಿಸಿದ ಮರದ ಕಿಟ್. ಸೈಡಿಂಗ್, ಅಂದರೆ ಬದಿಹಳಿಯ, ಪಕ್ಕದ ಜಾಗಕ್ಕೆ ಹೊಂದಲೆಂದು ಶೆಡ್ಡನ್ನು ಮೊಟಕು ಮಾಡಿದೆ. ಈಗ ಉದ್ದದ ಗೋಡೆಯ ಮೇಲಂಚು ಹೊರಕ್ಕೆ ಬಾಗಿ, ಛಾವಣಿಯ ಕೆಳಗೆ ಬೆಂಕಿಕಡ್ಡಿ ತೂರುವಷ್ಟು ಸಂದು. ಸೂಚನೆಯಲ್ಲಿದ್ದುದನ್ನೆಲ್ಲ ಮಾಡಿದ್ದೇನೆ. ಏನು ಮಾಡಲಿ?

ಅಂಟುಪುರಾಣ: ಬಿಳಿ ಅಂಟು ಹಚ್ಚಿದ್ದೀರಿ, ಅಷ್ಟೇ. ಅದರಲ್ಲಿ ನೀರಿದೆ. ತೆಳು ಹಲಗೆ ಕುಡಿದು ಉಬ್ಬುತ್ತದೆ.

ಗೇಜುಗಣ್ಣ: ಯಾವ ಸ್ಕೇಲ್? ನಿಜದ ರೈಲಿಗಿಂತ ಎಷ್ಟು ಪಟ್ಟು ಚಿಕ್ಕದು?

ಹಳಿತಪ್ಪಿದವ: ಹಳಿಗಳ ನಡುವೆ 16.5 ಮಿ.ಮೀ. ಅಂಟು ಹಚ್ಚಿದ್ದು ಮೂಲೆಗಳಿಗೆ ಮಾತ್ರ.

ಅಂಟುಪುರಾಣ: ಮೂಲೆಯಾದರೂ ಅಂಟು ಅಂಟೇ. ಬಿಚ್ಚಿ, ಎಪಾಕ್ಸಿ ಅಂಟು ಹಾಕಿ.

ಗೇಜುಗಣ್ಣ: 16.5 ಎಂದರೆ ಉತ್ತರವಾಗುವುದಿಲ್ಲ. 1:87ರ ಎಚ್‌ಒ ಕೂಡ ಅದೇ ಹಳಿಯ ಮೇಲೆ, 1:76ರ ಓಓ ಕೂಡ ಅದೇ ಹಳಿಯ ಮೇಲೆ ಓಡುತ್ತದೆ. ಓಓಗೆ ಹಳಿಗಳ ನಡುವೆ ನಿಜಕ್ಕೂ 18.83 ಇರಬೇಕಿತ್ತು, ಆ ಹಳಿ ನೋಡಿದರೆ ಕಣ್ಣು ಉರಿಯುತ್ತದೆ.

ಕಿರುಹಳಿ: ಮೂರಡಿ ದೂರದಿಂದ ನೋಡುವವರಿಗೆ ಎರಡು ಮಿಲಿಮೀಟರ್ ಕಾಣುತ್ತದೆಯೇ?

ಗೇಜುಗಣ್ಣ: ನನಗೆ ಕಾಣುತ್ತದೆ.

ಹಳಿತಪ್ಪಿದವ: ಎಚ್‌ಒ! ನಾನು ಕೇಳಿದ್ದು ಗೋಡೆಯ ಬಗ್ಗೆ.

ಅಂಟುಪುರಾಣ: ಎಪಾಕ್ಸಿ ಹಾಕಿದಿರಾ?

ಮರದೆಳೆ: ಎತ್ತು ಈದಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದಂತಾಯಿತು. ಮೊದಲು ಇಷ್ಟು ಹೇಳಿ: ಬಣ್ಣ ಹಚ್ಚಿದ್ದೀರಾ, ಯಾವ ಬದಿಗೆ? ಒಳಗಿನ ಆಸರೆ ಪಟ್ಟಿಗಳು ಎಲ್ಲಿ?

ಹಳಿತಪ್ಪಿದವ: ಬಣ್ಣ ಹಚ್ಚದೆ ಇರುತ್ತಾರೆಯೇ? ಅಕ್ರಿಲಿಕ್, ಹೊರಬದಿಗೆ ಎರಡು ಸಲ. ಒಳಬದಿ ಯಾರಿಗೆ ಕಾಣುತ್ತದೆ? ಗೋಡೆ ಕತ್ತರಿಸುವಾಗ ಪಟ್ಟಿಗಳು ಅಡ್ಡ ಬಂದವು, ಕಿತ್ತೆ. ಆಮೇಲೆ ಉದ್ದಕ್ಕೆ ಒಂದು ಪಟ್ಟಿ ಅಂಟಿಸಿದ್ದೇನೆ.

ಮರದೆಳೆ: ಇದನ್ನು ಮೊದಲೇ ಹೇಳಿದ್ದರೆ ಒಂದು ಸಂಜೆ ಉಳಿಯುತ್ತಿತ್ತು. ಮರ ಎಳೆಯ ಉದ್ದಕ್ಕೆ ಹಿಗ್ಗುವುದು ಅತ್ಯಲ್ಪ, ಎಳೆಗೆ ಅಡ್ಡಲಾಗಿ ಬಹಳ. ನಿಮ್ಮ ಗೋಡೆಯ ಎಳೆ ಹಲಗೆಗೀರುಗಳ ಜೊತೆ ಉದ್ದಕ್ಕೇ ಇದೆ, ಅಲ್ಲವೇ? ಹೊರಬದಿಯ ಬಣ್ಣ ಒಣಗುತ್ತ ಆ ಮುಖವನ್ನು ಬಿಗಿದೆಳೆಯಿತು. ಮೇಲಂಚು ಹೊರಕ್ಕೆ ಸುರುಳಿಯಾಯಿತು. ಉದ್ದದ ಪಟ್ಟಿ ಎಳೆಯ ಜೊತೆಗೇ ಮಲಗಿರುವುದರಿಂದ ಏನನ್ನೂ ತಡೆಯುವುದಿಲ್ಲ. ಗೋಡೆಯನ್ನು ಮೂಲೆಗಳಿಂದ ಬಿಡಿಸಿ ಆ ಪಟ್ಟಿಯನ್ನು ತೆಗೆಯಿರಿ. ಒಳಬದಿಗೂ ಅದೇ ಬಣ್ಣ, ಅಷ್ಟೇ ದಪ್ಪ. ಹಚ್ಚಿದ ಕೂಡಲೇ ಬಾಗು ಇನ್ನೂ ಹೆಚ್ಚುತ್ತದೆ, ಗಾಬರಿಯಾಗಬೇಡಿ. ಕೈಗೆ ಅಂಟದಷ್ಟು ಒಣಗಿದ ಮೇಲೆ ಮೇಣದ ಕಾಗದ ಸುತ್ತಿ, ಎರಡು ಗಾಜಿನ ನಡುವೆ ಭಾರ ಹೇರಿ ರಾತ್ರಿಯಿಡೀ ಬಿಡಿ. ಆಮೇಲೆ ಮೂರು ಮಿ.ಮೀ. ಚೌಕದ ಪಟ್ಟಿಗಳನ್ನು ನಿಲುವಾಗಿ, ಎಳೆಗೆ ಅಡ್ಡಲಾಗಿ, ನಾಲ್ಕು ಸೆಂಟಿಮೀಟರಿಗೊಂದರಂತೆ ಅಂಟಿಸಿ.

ಅಂಟುಪುರಾಣ: ಯಾವ ಅಂಟಿನಿಂದ?

ಕಿರುಹಳಿ: ಇದಕ್ಕಿಂತಲೂ ಚಿಕ್ಕದಾದ ನನ್ನ ಎನ್ ಸ್ಕೇಲ್ ಬೋರ್ಡಿನಲ್ಲಿ ಹನ್ನೆರಡು ಮರದ ಕಟ್ಟಡಗಳಿವೆ, ಒಂದೂ ಬಾಗಿಲ್ಲ. ಟರ್ನ್‌ಟೇಬಲ್ (ಎಂಜಿನ್ ತಿರುಗಿಸುವ ತಟ್ಟೆ) ಕೂಡ ಕೈಯಿಂದಲೇ ಮಾಡಿದ್ದು, ಮೋಟಾರು ಹಳೆಯ ಸಿಡಿ ಪ್ಲೇಯರಿನದು. ಚಿತ್ರ ಹಾಕಲೇ?

ಗೇಜುಗಣ್ಣ: ಬೇಡ.

ಹಳಿತಪ್ಪಿದವ: ಮರದೆಳೆಯವರೇ, ಗೋಡೆ ನೆಟ್ಟಗಾಯಿತು! ಛಾವಣಿ ಕೂತಿತು. ಆದರೆ ಶೆಡ್ಡನ್ನು ಜಾಗದಲ್ಲಿಟ್ಟು ಗಾಡಿ ಓಡಿಸಿದರೆ ಬೋಗಿಯೊಂದು ಪ್ಲಾಟ್‌ಫಾರ್ಮಿನ ಅಂಚನ್ನು ಗೀರುತ್ತಿದೆ. ಹೊಸ ಬಣ್ಣ ಹೋಯಿತು.

ಗೇಜುಗಣ್ಣ: ಅಲ್ಲಿ ತಿರುವಿದೆ ಎಂದು ಹೇಳಲೇ ಇಲ್ಲ! ತಿರುವಿನಲ್ಲಿ ಬೋಗಿಯ ನಡುಭಾಗ ಒಳಕ್ಕೆ ಬರುತ್ತದೆ, ತುದಿಗಳು ಹೊರಕ್ಕೆ ಚಾಚುತ್ತವೆ. ಶೆಡ್ ಒಳಬದಿಯಲ್ಲಿದೆಯೋ ಹೊರಬದಿಯಲ್ಲೋ? ತ್ರಿಜ್ಯ ಎಷ್ಟು? ನಿಮ್ಮ ಅತಿ ಉದ್ದದ ಬೋಗಿ ಎಷ್ಟುದ್ದ?

ಹಳಿತಪ್ಪಿದವ: ಮಾಮೂಲಿ ತಿರುವು. ಮಾಮೂಲಿ ಬೋಗಿ.