ಪದಚರ್ಚೆ: ಕೆಟ್ಟಿಲ್ಲ, ಆದರೂ ಬಿಡಬೇಕು. ಇಂಥ ತಂತ್ರಾಂಶಕ್ಕೆ ಏನನ್ನೋಣ?

ಬಳಗದ ಎಲ್ಲರಿಗೂ ನಮಸ್ಕಾರ.

ಒಂದು ಪದ ಬೇಕಾಗಿದೆ. ಭಾನುವಾರದ ಸಭೆಯೊಳಗೆ ಸಿಕ್ಕರೆ ದೊಡ್ಡ ಉಪಕಾರ.

ಬಸವನಗುಡಿಯಲ್ಲಿ ನಮ್ಮದೊಂದು ಪುಟ್ಟ ಓದುಗರ ಸಂಘ. ಅದರ ಜಾಲತಾಣವನ್ನು ಕಟ್ಟಿದವರು ಸಂಘದ ಹಿಂದಿನ ಕಾರ್ಯದರ್ಶಿಗಳು. ಬ್ಯಾಂಕಿನ ಕೆಲಸದಿಂದ ನಿವೃತ್ತರಾದ ಮೇಲೆ, 2002ರಲ್ಲಿ, ಎಸ್‌ಪಿ ರಸ್ತೆಗೆ ಹೋಗಿ ಕಂಪ್ಯೂಟರ್ ಜೋಡಿಸಿಕೊಂಡು ಬಂದು, ಯಾರ ಪಾಠವೂ ಇಲ್ಲದೆ ಜಾಲಪುಟ ಕಟ್ಟುವ ಫ್ರಂಟ್‌ಪೇಜ್ ಎಂಬ ತಂತ್ರಾಂಶವನ್ನು ಕಲಿತರು. ಪುಸ್ತಕಗಳ ಪಟ್ಟಿ, ಉಪನ್ಯಾಸಗಳ ವರದಿ, ತೀರಿಹೋದ ಸದಸ್ಯರ ಬಗ್ಗೆ ಬರೆದ ನೆನಪುಗಳು, ಹೀಗೆ ಒಂದೊಂದೇ ಪುಟ ಸೇರಿಸುತ್ತಾ ಬಂದು ಈಗ ಮುನ್ನೂರು ಪುಟ ದಾಟಿದೆ. ಅವರಿಗೆ ಎಂಬತ್ತು ದಾಟಿದೆ. ಇವತ್ತಿಗೂ ಪ್ರತಿ ಗುರುವಾರ ಅದೇ ಯಂತ್ರದ ಮುಂದೆ ಕೂರುತ್ತಾರೆ.

ಎರಡು ವರ್ಷದಿಂದ ನಾನು ಅವರಿಗೆ ಕೈಜೋಡಿಸಿದ್ದೇನೆ. ಹೊಸ ವ್ಯವಸ್ಥೆಗೆ ಹೋಗೋಣ ಸಾರ್ ಎಂದು ಕಳೆದ ವಾರ ಹೇಳಿದೆ. "ಕೆಟ್ಟಿದೆಯೇನಮ್ಮಾ?" ಅಂದರು. ಇಲ್ಲ ಸಾರ್, ಕೆಟ್ಟಿಲ್ಲ ಅಂದೆ. "ಮತ್ತೆ ಯಾಕೆ ಬಿಡಬೇಕು?" ನನ್ನ ಬಾಯಿಗೆ ಬಂದದ್ದು ಒಂದೇ ಮಾತು: ಔಟ್‌ಡೇಟೆಡ್ ಆಗಿದೆ ಸಾರ್. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅದನ್ನೇ ಕನ್ನಡದಲ್ಲಿ ಬರೆದುಕೊಡು, ಸಭೆಯಲ್ಲಿ ಓದೋಣ" ಅಂದರು. ಬರೆಯಲು ಕೂತಾಗ ತಿಳಿಯಿತು, ನನ್ನ ಬಳಿ ಆ ಪದವಿಲ್ಲ.

ಮೊದಲು ಸಂಗತಿ ಏನೆಂದು ಹೇಳಿಬಿಡುತ್ತೇನೆ, ಅದು ಗೊತ್ತಿಲ್ಲದೆ ಪದ ಹುಡುಕಲಾಗದು. ಮೈಕ್ರೋಸಾಫ್ಟ್ 1996ರಲ್ಲಿ ಕೊಂಡುಕೊಂಡ ಫ್ರಂಟ್‌ಪೇಜ್‌ನ ಕೊನೆಯ ಆವೃತ್ತಿ 2003ರದು. 2006ರ ಕೊನೆಗೆ ಅದನ್ನು ಕೈಬಿಟ್ಟರು. ವಿಂಡೋಸ್ ಎಕ್ಸ್‌ಪಿ ಇರುವ ನಮ್ಮ ಯಂತ್ರದಲ್ಲಿ ತಂತ್ರಾಂಶ ಈಗಲೂ ಸರಿಯಾಗಿ ತೆರೆಯುತ್ತದೆ, ಪುಟವನ್ನೂ ಮಾಡಿಕೊಡುತ್ತದೆ. ತೊಂದರೆ ಇರುವುದು ಆಚೆಗೆ. ಅದರಲ್ಲಿ ಮಾಡಿದ ಅಭಿಪ್ರಾಯದ ಅರ್ಜಿ, ಎಷ್ಟು ಜನ ಬಂದರೆಂದು ಎಣಿಸುವ ಪಟ್ಟಿ ಎಲ್ಲವೂ ತಾಣವನ್ನು ಇಟ್ಟಿರುವ ಸರ್ವರ್‌ನಲ್ಲಿ ಫ್ರಂಟ್‌ಪೇಜ್‌ನದೇ ಒಂದು ಹೆಚ್ಚುವರಿ ಜೋಡಣೆ ಇದ್ದರೆ ಮಾತ್ರ ನಡೆಯುತ್ತವೆ. ನಮಗೆ ಜಾಗ ಕೊಟ್ಟವರು ಸರ್ವರ್ ಬದಲಿಸಿದ ದಿನ ಅವೆಲ್ಲ ನಿಂತವು. ಪುಟಗಳು 800 ಪಿಕ್ಸೆಲ್ ಅಗಲದ ಪರದೆಗೆಂದು ಕೋಷ್ಟಕದ ಮೇಲೆ ಕೋಷ್ಟಕ ಇಟ್ಟು ಕಟ್ಟಿದವು. ಮೊಬೈಲ್‌ನಲ್ಲಿ ಒಂದು ಸಾಲು ಓದಲು ಎಡಕ್ಕೂ ಬಲಕ್ಕೂ ಎಳೆದಾಡಬೇಕು. ಎಲ್ಲಕ್ಕಿಂತ ಸಂಕಟದ್ದು ಅಕ್ಷರ. ಆಗಿನ ರೂಢಿಯಂತೆ ಆಸ್ಕಿ ಫಾಂಟ್‌ನಲ್ಲಿ ಬೆರಳಚ್ಚು ಮಾಡಿದ ಕನ್ನಡ ಅದು. ಕಣ್ಣಿಗೆ ಕನ್ನಡ, ಒಳಗೆ ಇಂಗ್ಲಿಷ್ ಅಕ್ಷರಗಳ ಸಂಕೇತ. ಫಾಂಟ್ ಇಲ್ಲದ ಕಡೆ ಅರ್ಥವಿಲ್ಲದ ಗೀಚು ಕಾಣುತ್ತದೆ. ಕುವೆಂಪು ಎಂದು ಹುಡುಕಿದರೆ, ಕುವೆಂಪು ಬಗ್ಗೆಯೇ ಹನ್ನೊಂದು ಪುಟ ಇರುವ ನಮ್ಮ ತಾಣ ಸಿಗುವುದೇ ಇಲ್ಲ. ಇಷ್ಟು ದಿನ ಬರೆದದ್ದನ್ನು ಯಾರೂ ಕಾಣಲಾರರಲ್ಲ ಎನ್ನುವುದೇ ನನ್ನ ಚಿಂತೆ.

ಈಗ ಪದಕ್ಕೆ ಬರುತ್ತೇನೆ.

'ಹಳೆಯ' ಎಂದರೆ ಸಾಲದು. ಹಳೆಯದಾಗುವುದು ತಪ್ಪಲ್ಲ, ಹಳೆಯದೆಂದು ಯಾರೂ ಏನನ್ನೂ ಬಿಡಬೇಕಿಲ್ಲ. (ಒಂದು ಮಾತು: 'ಹಳೆ' ಎಂಬುದು ಮೊದಲು 'ಪೞೆ', ಆಮೇಲೆ 'ಹೞೆ'. ಆ ೞ ಬರವಣಿಗೆಯಿಂದ ಬಿದ್ದುಹೋಗಿ ಎಷ್ಟೋ ಶತಮಾನವಾಯಿತು, ಆದರೂ ಎಲ್ಲ ಲಿಪಿಗಳ ಅಕ್ಷರಗಳಿಗೂ ಸಂಕೇತ ಕೊಡುವ ಯೂನಿಕೋಡ್ ಅದಕ್ಕೊಂದು ಮನೆ ಕೊಟ್ಟಿದೆ. ಪಟ್ಟಿಯಲ್ಲಿ ತಪ್ಪಾಗಿ 'ಫ' ಎಂದು ಹೆಸರು ಬಿದ್ದಿದೆ; ಒಮ್ಮೆ ಕೊಟ್ಟ ಹೆಸರನ್ನು ಬದಲಿಸುವ ಪದ್ಧತಿ ಅಲ್ಲಿಲ್ಲವಾದ್ದರಿಂದ ತಿದ್ದುಪಡಿಯನ್ನು ಪಕ್ಕದಲ್ಲಿ ಬರೆದಿಟ್ಟಿದ್ದಾರೆ. ಹಳೆಯದನ್ನು ಹೇಗೆ ಕಾಪಾಡಬಹುದು ಎಂಬುದಕ್ಕೆ ಇದು ನನಗೆ ತುಂಬ ಪ್ರಿಯವಾದ ಉದಾಹರಣೆ.) 'ಹಳೆ'ಯ ಬಳಗದ 'ಹಳಸಿದ' ಅನ್ನಕ್ಕೆ, ಸಾರಿಗೆ ಸರಿ, ಹಳಸಿದ್ದನ್ನು ತಿಂದರೆ ಹೊಟ್ಟೆ ಕೆಡುತ್ತದೆ. 'ಸವಕಲು' ಅಂದರೆ ತೇಯ್ದು ಮೊಂಡಾದದ್ದು. ತಂತ್ರಾಂಶ ತೇಯುವುದಿಲ್ಲ, 2003ರಲ್ಲಿ ಹೇಗಿತ್ತೋ ಇಂದೂ ಹಾಗೇ ಇದೆ.

'ಓಬೀರಾಯನ ಕಾಲದ್ದು' ನಮ್ಮನೆಯಲ್ಲಿ ದಿನಕ್ಕೆರಡು ಸಲ ಕೇಳುವ ಮಾತು. ಕಾಗದದಲ್ಲಿ ಬರೆದು ಅವರೆದುರು ಓದಲಾರೆ. ಎಸ್‌ಪಿ ರಸ್ತೆಯ ಅಂಗಡಿಯವರು "ಗುಜರಿಗೆ ಹಾಕಿ ಮೇಡಂ" ಅಂದರು. ಅವರು ಅಂದದ್ದು ಯಂತ್ರಕ್ಕೆ, ಅದಿರಲಿ.

'ಬಳಕೆ ತಪ್ಪಿದ' ಎಂಬುದು ಹದವಾದ ಪದ, ನಿಘಂಟಿನವರಿಗೂ ಪರಿಚಿತ. ಆದರೆ ಪ್ರತಿ ಗುರುವಾರ ಒಬ್ಬರು ಬಳಸುತ್ತಿರುವುದನ್ನು ಬಳಕೆ ತಪ್ಪಿದ್ದು ಎನ್ನಲೇ? 'ಅವಧಿ ಮುಗಿದ' ಔಷಧದ ಸೀಸೆಗೆ ಸರಿ, ಅಲ್ಲಿ ದಿನಾಂಕ ಮೊದಲೇ ಅಚ್ಚಾಗಿರುತ್ತದೆ. ಜಾಲತಾಣ ಕಟ್ಟುವ ಇನ್ನೊಂದು ತಂತ್ರಾಂಶ, ಅಡೋಬಿಯ ಮ್ಯೂಸ್‌ಗೆ ಬೇಕಾದರೆ ಅದನ್ನು ಹೇಳಬಹುದು: 2018ರಲ್ಲೇ ತಿಳಿಸಿ, 2020ರ ಮಾರ್ಚ್‌ಗೆ ನಿಲ್ಲಿಸಿದರು. ಜಾಲಪುಟಗಳಲ್ಲಿ ಚಲಿಸುವ ಚಿತ್ರ, ಆಟ ತೋರಿಸುತ್ತಿದ್ದ ಫ್ಲ್ಯಾಶ್‌ಗೂ ಹೇಳಬಹುದು, 2020ರ ಡಿಸೆಂಬರ್ 31 ಎಂದು ಮೊದಲೇ ದಿನ ಗೊತ್ತುಮಾಡಿದ್ದರು. 'ನಿವೃತ್ತ' ಎಂದು ಕೆಲವರು ಬರೆಯುವುದನ್ನು ನೋಡಿದ್ದೇನೆ. ನಿವೃತ್ತರಾದ ಮೇಲೆ ಇಷ್ಟು ದುಡಿದವರ ಮುಂದೆ ಆ ಪದವನ್ನು ಕೆಲಸಕ್ಕೆ ಬಾರದ್ದು ಎಂಬ ಅರ್ಥದಲ್ಲಿ ಆಡುವುದು ನನಗೆ ಸಾಧ್ಯವಿಲ್ಲ.

ಒಂದನ್ನು ಮಾತ್ರ ಒಪ್ಪಿಕೊಂಡಿದ್ದೇನೆ: ಮಾಡಿದವರೇ ಬಿಟ್ಟದ್ದಕ್ಕೆ 'ಕೈಬಿಟ್ಟ'. 'ಬೆಂಬಲ ನಿಂತ' ಎನ್ನುವುದಕ್ಕಿಂತ ಇದು ಚೆನ್ನ. ಬೆಂಬಲ ಎಂದೊಡನೆ ವಿಧಾನಸೌಧ ನೆನಪಾಗುತ್ತದೆ.

ಇನ್ನೊಂದು ಸ್ಥಿತಿಗೂ ಪದ ಬೇಕು. ಅಕ್ಷರದ ಬಣ್ಣ, ಗಾತ್ರವನ್ನು ಪುಟದೊಳಗೇ ಹೇಳುವ ಫಾಂಟ್ ಎಂಬ ಗುರುತನ್ನು, ಜಾಲಪುಟ ಬರೆಯುವ ಭಾಷೆಯ ಹೊಸ ಆವೃತ್ತಿ ಎಚ್‌ಟಿಎಂಎಲ್ 4 ಬಂದಾಗಲೇ, 1997ರಲ್ಲಿ, ಇನ್ನು ಬಳಸಬೇಡಿ ಎಂದಿದ್ದರು. 2014ರ ಎಚ್‌ಟಿಎಂಎಲ್ 5ರಲ್ಲಿ ತೆಗೆದೇಬಿಟ್ಟರು. ಬ್ರೌಸರ್‌ಗಳು ಈಗಲೂ ಅದನ್ನು ತೋರಿಸುತ್ತವೆ. ನಮ್ಮ ಮೊದಲ ಪುಟದಲ್ಲಿ ಬಲದಿಂದ ಎಡಕ್ಕೆ ಓಡುವ 'ಸುಸ್ವಾಗತ' ಕೂಡ ಇಂಥದ್ದೇ, ಇನ್ನೂ ಓಡುತ್ತಿದೆ. ನಡೆಯುತ್ತದೆ, ಆದರೆ ಮಾಡಬಾರದು. ಇದಕ್ಕೆ 'ವರ್ಜ್ಯ' ಹೇಗೆ? ಏಕಾದಶಿಯ ದಿನ ಅನ್ನ ವರ್ಜ್ಯ ಎನ್ನುತ್ತೇವೆ. ಅನ್ನ ಕೆಟ್ಟಿದೆ ಎಂದು ಅದರ ಅರ್ಥವಲ್ಲ. ನನಗಿರುವ ಅಳುಕು ಒಂದೇ, ಏಕಾದಶಿ ಕಳೆದರೆ ದ್ವಾದಶಿ ಬರುತ್ತದೆ, ಅನ್ನ ಮತ್ತೆ ಎಲೆಗೆ ಬೀಳುತ್ತದೆ. ಫಾಂಟ್ ಗುರುತು ಮರಳಿ ಬರುವುದಿಲ್ಲ.

'ಹೋಗುವುದು' ಎಂಬುದಕ್ಕೂ ಒಂದು ಪದ ಬೇಕು. ಎಲ್ಲರೂ 'ವಲಸೆ' ಎಂದು ಬರೆಯುತ್ತಾರೆ. ವಲಸೆ ಹೋಗುವವರು ಜನ, ಹಕ್ಕಿ. ಹೊಟ್ಟೆಪಾಡಿಗೆ ಊರು ಬಿಡುವವರ ಕಷ್ಟ ಆ ಪದದಲ್ಲಿದೆ. ನಮ್ಮಮ್ಮ ಮದ್ದೂರಿನ ಕಡೆಯವರು. ಕೇಳಿಸಿಕೊಂಡು "ಒಟ್ಲಿಂದ ಪೈರು ಕಿತ್ತು ಗದ್ದೆಗೆ ಹಾಕಿದ ಹಾಗಲ್ವಾ, ನಾಟಿ ಅನ್ನು" ಅಂದರು. ಎಷ್ಟು ಸರಿಯಾದ ಮಾತು! ಬೇರು ಹರಿಯದಂತೆ ಕೀಳಬೇಕು, ಬಾಡುವ ಮುಂಚೆ ನೆಡಬೇಕು. ಆಸ್ಕಿಯಿಂದ ಯೂನಿಕೋಡ್‌ಗೆ ಬದಲಿಸುವ ಪರಿವರ್ತಕಕ್ಕೆ ಹಾಕಿದ ಹಳೆಯ ಬರಹದಲ್ಲಿ ಒತ್ತಕ್ಷರವೂ ಅರ್ಕಾವೊತ್ತೂ ಅಲ್ಲಲ್ಲಿ ಜಾಗ ತಪ್ಪಿ ಕೂರುವುದನ್ನು ನೋಡಿದವರಿಗೆ ಬೇರು ಹರಿಯುವುದು ಎಂದರೇನೆಂದು ಗೊತ್ತು. ಆದರೆ ಬೆಂಗಳೂರಿನಲ್ಲಿ ನಾಟಿ ಎಂದೊಡನೆ ಕೋಳಿ, ಟೊಮ್ಯಾಟೊ, ಔಷಧಿ ನೆನಪಾಗುತ್ತವೆ. ಸದ್ಯಕ್ಕೆ 'ನೆಲೆ ಬದಲಾವಣೆ' ಎಂದು ಬರೆದಿದ್ದೇನೆ. ಮನೆ ಬದಲಿಸುವಾಗ ಸಾಮಾನು ಬರುತ್ತದೆ, ಗೋಡೆ ಬರುವುದಿಲ್ಲ. ಇಲ್ಲಿಯೂ ಬರಹ, ಚಿತ್ರ ಬರುತ್ತವೆ, ಕೋಷ್ಟಕಗಳು ಅಲ್ಲೇ ಉಳಿಯುತ್ತವೆ. ಹಳೆಯ ಬಾಗಿಲಿಗೆ ಹೊಸ ವಿಳಾಸದ ಚೀಟಿ ಅಂಟಿಸಿ ಬರುವುದೂ ಉಂಟು, ಹಳೆಯ ಕೊಂಡಿ ಒತ್ತಿದವರು ದಾರಿ ತಪ್ಪದಿರಲೆಂದು. ಇದಕ್ಕಿಂತ ಒಳ್ಳೆಯದಿದ್ದರೆ ಹೇಳಿ.

ಕೊನೆಗೆ ನನ್ನ ಮುಖ್ಯ ಪ್ರಶ್ನೆ. ಔಟ್‌ಡೇಟೆಡ್ ಎಂಬುದಕ್ಕೆ ನಾನು ಆರಿಸಿಟ್ಟುಕೊಂಡಿರುವುದು 'ಚಲಾವಣೆ ತಪ್ಪಿದ'. ಪುಸ್ತಕದ ಕನ್ನಡದ 'ಅಪ್ರಚಲಿತ'ಕ್ಕೂ ಇದಕ್ಕೂ ಬೇರು ಒಂದೇ, ಆದರೆ ಇದು ಅಂಗಡಿಯಲ್ಲಿ ನಡೆಯುವ ಮಾತು. 2011ರ ಜೂನ್ 30ಕ್ಕೆ ನಾಲ್ಕಾಣೆಯ ಚಲಾವಣೆ ನಿಂತಿತು. ನನ್ನ ಡಬ್ಬಿಯಲ್ಲಿ ಇನ್ನೂ ಇವೆ. ಲೋಹ ಚೊಕ್ಕವಾಗಿದೆ, ಅಚ್ಚು ಮಾಸಿಲ್ಲ. ನಾಣ್ಯದ ತಪ್ಪೇನಿಲ್ಲ, ಅದನ್ನು ತೆಗೆದುಕೊಳ್ಳುವವರಿಲ್ಲ. ಫ್ರಂಟ್‌ಪೇಜ್‌ನ ಸ್ಥಿತಿ ಇದೇ. ಬ್ಯಾಂಕಿನಲ್ಲಿ ಮೂವತ್ತು ವರ್ಷ ನೋಟು, ನಾಣ್ಯ ಎಣಿಸಿದವರಿಗೆ ಈ ಮಾತು ಒಡನೆ ಅರ್ಥವಾಗುತ್ತದೆ ಎಂದೂ ಅನ್ನಿಸಿತು.

ಅಡ್ಡಿ ಒಂದಿದೆ. ಜನಬೆಂಬಲ ಕಳೆದುಕೊಂಡ ರಾಜಕಾರಣಿಯನ್ನು ಹೀಗಳೆಯಲು 'ಚಲಾವಣೆಯಲ್ಲಿಲ್ಲದ ನಾಣ್ಯ' ಎನ್ನುವುದು ವಾಡಿಕೆ. ಆ ಹೀಗಳಿಕೆ ಪದಕ್ಕೆ ಎಷ್ಟು ಅಂಟಿದೆ? ವಸ್ತುವಿಗೆ ಹೇಳಿದಾಗಲೂ ಕಿವಿಗೆ ಚುಚ್ಚುತ್ತದೆಯೇ, ಅಥವಾ ಮನುಷ್ಯರಿಗೆ ಹೇಳಿದಾಗ ಮಾತ್ರವೇ? ಕಾಗದದ ವಾಕ್ಯ ಹೀಗಿದೆ:

"ಕಾರ್ಯದರ್ಶಿಗಳು ಕಟ್ಟಿದ ಪುಟಗಳಲ್ಲಿ ಯಾವ ದೋಷವೂ ಇಲ್ಲ, ಅವನ್ನು ಕಟ್ಟಲು ಬಳಸಿದ ತಂತ್ರಾಂಶವನ್ನು ತಯಾರಕರು ಕೈಬಿಟ್ಟಿರುವುದರಿಂದ ಅದು ಚಲಾವಣೆ ತಪ್ಪಿದೆ, ಪುಟಗಳು ಎಲ್ಲರಿಗೂ ಸಿಗುವಂತಾಗಲು ನೆಲೆ ಬದಲಾವಣೆ ಮಾಡಬೇಕಾಗಿದೆ."

ಇದನ್ನು ಅವರು ಮುಂದಿನ ಸಾಲಿನಲ್ಲಿ ಕೂತಿರುವಾಗ ನಾನು ಗಟ್ಟಿಯಾಗಿ ಓದಬೇಕು. ನಿಮ್ಮ ಮನೆಯ ಹಿರಿಯರ ಮುಂದೆ ಒಮ್ಮೆ ಓದಿ ನೋಡಿ, ಅವರು ಏನೆಂದರು ತಿಳಿಸುವಿರಾ?

ವಂದನೆಗಳು.