ಎಂಬಿಎಗೆ ಅರ್ಜಿ, ಫೀಸಿಗೆ ದುಡ್ಡು: ಮಾಡಿ ಮುಗಿಸಿದವರು ಹೇಳಿ

ಪ್ರಶ್ನೆ: ಕೆಲವು ವರ್ಷಗಳಿಂದ ಕೆಲಸದಲ್ಲಿದ್ದೇನೆ. ಅಮೆರಿಕದಲ್ಲಿ ಪೂರ್ಣಾವಧಿ ಎಂಬಿಎ ಮಾಡುವ ಮನಸ್ಸಿದೆ. ಉಳಿಸಿದ ದುಡ್ಡು ಫೀಸಿನ ಕಾಲು ಭಾಗಕ್ಕೂ ಸಾಲದು. ಮೊದಲು ಪರೀಕ್ಷೆ ಬರೆಯಲೋ, ದುಡ್ಡಿನ ದಾರಿ ನೋಡಲೋ? ಅನುಭವ ಇದ್ದವರು ದಯವಿಟ್ಟು ಹೇಳಿ.

ಸ್ಕಾಲರ್‌ಶಿಪ್‌ನಲ್ಲಿ ಓದಿದವರು: ಎರಡನ್ನೂ ಒಟ್ಟಿಗೇ ಶುರು ಮಾಡಿ. ಯಾಕೆಂದರೆ ಅರ್ಜಿ ಯಾವಾಗ ಹಾಕುತ್ತೀರಿ ಅನ್ನೋದರ ಮೇಲೆ ಫೀಸು ಎಷ್ಟು ಕಟ್ಟುತ್ತೀರಿ ಅನ್ನೋದೂ ನಿಂತಿದೆ. ಅಲ್ಲಿನ ಕಾಲೇಜುಗಳು ಅರ್ಜಿಗಳನ್ನು ರೌಂಡ್ ಲೆಕ್ಕದಲ್ಲಿ ತಗೊಳ್ಳುತ್ತವೆ. ಸಾಮಾನ್ಯವಾಗಿ ಮೊದಲನೆಯದು ಸೆಪ್ಟೆಂಬರ್ ಆಸುಪಾಸು, ಎರಡನೆಯದು ಜನವರಿ, ಮೂರನೆಯದು ಏಪ್ರಿಲ್. ಮೂರನೆಯದರ ಹೊತ್ತಿಗೆ ಸೀಟೂ ಕಡಿಮೆ, ಸ್ಕಾಲರ್‌ಶಿಪ್ ದುಡ್ಡೂ ಬಹುಪಾಲು ಹಂಚಿ ಹೋಗಿರುತ್ತದೆ.

ಸೀಟು ಸಿಕ್ಕ ಮೇಲೂ ಫೀಸಿನ ಬಗ್ಗೆ ಮಾತಾಡಬಹುದು. ಸಂಕೋಚ ಬೇಡ. ನನಗೆ ಎರಡು ಕಡೆ ಸೀಟು ಸಿಕ್ಕಿತ್ತು, ಆದರೆ ಇಷ್ಟವಿದ್ದ ಕಡೆ ಸ್ಕಾಲರ್‌ಶಿಪ್ ಇರಲಿಲ್ಲ. ಇನ್ನೊಂದು ಕಾಲೇಜಿನ ಪತ್ರ ಲಗತ್ತಿಸಿ ಪುಟ್ಟ ಮೇಲ್ ಬರೆದೆ: "ನಿಮ್ಮಲ್ಲಿಗೇ ಬರುವ ಆಸೆ. ಎರಡಕ್ಕೂ ಇಷ್ಟು ವ್ಯತ್ಯಾಸ ಇದೆ. ಇನ್ನೊಮ್ಮೆ ಪರಿಶೀಲಿಸಲು ಆಗುತ್ತದೆಯೇ?" ಸ್ವಲ್ಪ ಕೊಟ್ಟರು. ಮರ್ಯಾದೆಯಿಂದ ಕೇಳಿದರೆ ಯಾರೂ ಸೀಟು ಕಿತ್ತುಕೊಳ್ಳಲ್ಲ. ಆದರೆ ಡಿಪಾಸಿಟ್ ಕಟ್ಟುವ ಮೊದಲೇ ಕೇಳಿ. ಕಟ್ಟಿದ ಮೇಲೆ ನೀವು ಹೇಗೂ ಬರ್ತೀರಿ ಅಂತ ಅವರಿಗೂ ಗೊತ್ತಲ್ವಾ? ಎಲ್ಲ ಕಡೆ ಇದು ನಡೆಯದು. ಹಾರ್ವರ್ಡ್ ಬಿಸಿನೆಸ್ ಸ್ಕೂಲ್ ಸ್ಕಾಲರ್‌ಶಿಪ್ ಕೊಡುವುದು ಅಂಕ ನೋಡಿ ಅಲ್ಲ, ನಿಮ್ಮ ಹಣಕಾಸಿನ ಅಗತ್ಯ ನೋಡಿ. ಹಾಗಾಗಿ ಅಲ್ಲಿ ಇನ್ನೊಂದು ಕಾಲೇಜಿನ ಪತ್ರ ತೋರಿಸಿ ಕೇಳುವುದು ನಡೆಯದು.

ಪರೀಕ್ಷೆ ಬರೆದು ಕಾಯುತ್ತಿರುವವರು: ಎಂಬಿಎ ಪ್ರವೇಶಕ್ಕೆ ಬರೆಯುವ ಜಿಮ್ಯಾಟ್ ಪರೀಕ್ಷೆಗೆ ಹಳೇ ಪುಸ್ತಕ ಕೊಳ್ಳಬೇಡಿ. 2023ರ ಕೊನೆಗೆ ಪರೀಕ್ಷೆಯೇ ಬದಲಾಗಿದೆ. ಈಗ 64 ಪ್ರಶ್ನೆ, ಮೂರು ಭಾಗ, ಒಂದೊಂದಕ್ಕೆ 45 ನಿಮಿಷ. ಪ್ರಬಂಧ ಇಲ್ಲ. ಅಂಕ 205ರಿಂದ 805ರವರೆಗೆ. 645 ಬಂತು ಅಂತ ಗಾಬರಿ ಬೀಳಬೇಡಿ, ಅದು ಹಳೇ 700ಕ್ಕೆ ಹತ್ತಿರ. ಅಂಕ ಐದು ವರ್ಷ ನಡೆಯುತ್ತದೆ, ಹಾಗಾಗಿ ಪರೀಕ್ಷೆ ಬೇಗ ಮುಗಿಸಿಕೊಂಡರೆ ನಷ್ಟವೇನಿಲ್ಲ.

ತಮ್ಮ ತಂಡದವರಿಗೆ ಶಿಫಾರಸು ಪತ್ರ ಬರೆದುಕೊಟ್ಟವರು: ಎಲ್ಲರೂ ಪರೀಕ್ಷೆಗೇ ತಲೆ ಕೆಡಿಸಿಕೊಳ್ಳುತ್ತಾರೆ, ಶಿಫಾರಸು ಪತ್ರವನ್ನು ಕೊನೇ ವಾರಕ್ಕೆ ಬಿಡುತ್ತಾರೆ. ಅನೇಕ ಕಾಲೇಜುಗಳು ನಮ್ಮನ್ನು ಕೇಳುವುದು ಎರಡು ಮಾತು. ಇದೇ ಮಟ್ಟದ ಬೇರೆಯವರಿಗೆ ಹೋಲಿಸಿದರೆ ಇವರ ಕೆಲಸ ಹೇಗೆ? ನೀವು ಇವರಿಗೆ ಯಾವ ತಪ್ಪು ತಿದ್ದಿ ಹೇಳಿದಿರಿ, ಅದಕ್ಕೆ ಇವರು ಹೇಗೆ ಸ್ಪಂದಿಸಿದರು? ಎರಡನೆಯದಕ್ಕೆ "ತುಂಬಾ ಜಾಸ್ತಿ ಕೆಲಸ ಮಾಡ್ತಾರೆ, ಅದೇ ದೋಷ" ಅಂತ ಸುಮ್ನೆ ಬರೆದರೆ ಓದುವವರು ನಗುತ್ತಾರೆ. ನಿಜವಾಗಿ ನಡೆದ ಒಂದು ಘಟನೆ ಬೇಕು. ಅದಕ್ಕೇ ಹುದ್ದೆ ದೊಡ್ಡದೆಂದು ನಿಮ್ಮ ಕೆಲಸವನ್ನೇ ನೋಡದ ಡೈರೆಕ್ಟರ್ ಬಳಿ ಹೋಗಬೇಡಿ.

ಇನ್ನೂ ಸಾಲ ತೀರಿಸುತ್ತಿರುವವರು: ಓದು ಮುಗಿಯುವವರೆಗೆ ಕಂತು ಇಲ್ಲ ಅಂತ ಬ್ಯಾಂಕಿನವರು ಹೇಳಿದಾಗ ಖುಷಿಯಾಗುತ್ತದೆ. ಕಂತು ಇಲ್ಲದಿದ್ದರೂ ಸಾಮಾನ್ಯವಾಗಿ ಬಡ್ಡಿ ಓಡುತ್ತಲೇ ಇರುತ್ತದೆ. ಶುರುವಿನಲ್ಲೇ ಪೂರ್ತಿ 100 ತಗೊಂಡಿರಿ, ಬಡ್ಡಿ ವರ್ಷಕ್ಕೆ ಶೇ 10 ಅನ್ನಿ. ಬರೀ ಸರಳ ಬಡ್ಡಿಯಲ್ಲೇ ಎರಡು ವರ್ಷಕ್ಕೆ ಅದು 120. ಆಮೇಲೆ ಕಂತಿನ ಲೆಕ್ಕ 120ಕ್ಕೆ. ಅದಕ್ಕೇ ದುಡ್ಡನ್ನು ಒಂದೇ ಸಲ ತಗೋಬೇಡಿ, ಸೆಮಿಸ್ಟರ್ ಫೀಸು ಕಟ್ಟುವಾಗ ಅಷ್ಟಷ್ಟೇ ತಗೊಳ್ಳಿ. ಕೈ ಬಿಟ್ಟುಹೋಗುವ ಸಂಬಳವನ್ನೂ ಖರ್ಚಿನ ಲೆಕ್ಕದಲ್ಲಿ ಬರೆಯಿರಿ. ಕೆಲವರಿಗೆ ಅದು ಫೀಸಿಗಿಂತಲೂ ಜಾಸ್ತಿ. ಯುರೋಪಿನ ಇನ್ಸಿಯಾಡ್‌ನಂಥ ಕಡೆ ಎಂಬಿಎ 10 ತಿಂಗಳಿಗೇ ಮುಗಿಯುತ್ತದೆ, ಅದನ್ನೂ ಒಮ್ಮೆ ನೋಡಿ.

ಕಂಪನಿ ಖರ್ಚಿನಲ್ಲಿ ಓದುತ್ತಿರುವವರು: ಫೀಸು ಕಂಪನಿಯದು, ನಿಜ. ಆದರೆ ಓದಿದ ಮೇಲೆ ಇಷ್ಟು ವರ್ಷ ಬಿಡುವಂತಿಲ್ಲ, ಬಿಟ್ಟರೆ ದುಡ್ಡು ವಾಪಸ್ ಅಂತ ಒಪ್ಪಂದ ಇರುತ್ತದೆ. ಕೆಲಸ ಬದಲಿಸಲೆಂದೇ ಎಂಬಿಎ ಮಾಡುವವರಿಗೆ ಇದು ಆಗಿಬರಲ್ಲ.

ಪ್ರಶ್ನೆ ಕೇಳಿದವರು: ಎಲ್ಲರಿಗೂ ಧನ್ಯವಾದ. ಒಂದೇ ಸಂಶಯ. ಶಿಫಾರಸು ಕೇಳಿದರೆ ನಾನು ಬಿಡ್ತೀನಿ ಅಂತ ಬಾಸ್‌ಗೆ ಗೊತ್ತಾಗಿ ಪ್ರಮೋಷನ್‌ಗೆ ಕುತ್ತು ಬರಲ್ವಾ?

ಶಿಫಾರಸು ಪತ್ರ ಬರೆದುಕೊಟ್ಟವರು: ಬರಬಹುದು. ಹಾಗನ್ನಿಸಿದರೆ ಹಿಂದಿನ ಬಾಸ್ ಅಥವಾ ನಿಮ್ಮ ಕೆಲಸ ಹತ್ತಿರದಿಂದ ನೋಡಿದ ಕ್ಲೈಂಟ್‌ನ ಕೇಳಿ. ಹೆಚ್ಚುವರಿ ವಿವರ ಬರೆಯುವ ಜಾಗದಲ್ಲಿ ಕಾರಣವನ್ನು ಎರಡು ಸಾಲಲ್ಲಿ ಹೇಳಿಬಿಡಿ. ಕಾಲೇಜಿನವರಿಗೆ ಇದು ಹೊಸದೇನಲ್ಲ.